ಪಿಕಪ್‌ನ ಹಿಂದಿನ ಡಿಫರೆನ್ಶಿಯಲ್‌ಗೆ ಯಾವ ಲಾಕರ್ ಹಾಕಿಸಬೇಕು?

ಖಾಲಿ ಪಿಕಪ್ ಎಷ್ಟು ಬೇಗ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಅದನ್ನು ಓಡಿಸುವವರಿಗೆಲ್ಲ ಗೊತ್ತು. ಎಂಜಿನ್ ಮುಂದೆ, ಕ್ಯಾಬಿನ್ ಮುಂದೆ, ಹಿಂದೆ ಬರೀ ಲೋಡ್ ಬಾಡಿ. ಭಾರ ಹೊರಲೆಂದು ಹಾಕಿದ ಗಟ್ಟಿ ಲೀಫ್ ಸ್ಪ್ರಿಂಗ್ ಖಾಲಿ ಇದ್ದಾಗ ಸರಿಯಾಗಿ ಬಗ್ಗುವುದೂ ಇಲ್ಲ. ನೆಲ ಸ್ವಲ್ಪ ಏರುಪೇರಾದರೂ ಸಾಕು, ಹಿಂದಿನ ಒಂದು ಚಕ್ರ ಹಗುರಾಗುತ್ತದೆ. ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಆ ಚಕ್ರ ಸುಮ್ನೆ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವ ಪಕ್ಕದ ಚಕ್ರ ಅಲ್ಲಾಡುವುದೇ ಇಲ್ಲ.

ಇದಕ್ಕೆ ಮದ್ದು ಹಿಂದಿನ ಡಿಫರೆನ್ಶಿಯಲ್‌ಗೆ ಲಾಕರ್, ಅಂದರೆ ಎರಡೂ ಚಕ್ರ ಒಟ್ಟಿಗೇ ಸುತ್ತುವಂತೆ ಕಟ್ಟಿಹಾಕುವ ಭಾಗ, ಹಾಕಿಸುವುದು. ಆದರೆ ಲಾಕರ್‌ನಲ್ಲಿ ಹತ್ತಾರು ಬಗೆ. ತಾನಾಗೇ ಲಾಕ್ ಆಗುವುದು, ಸ್ವಿಚ್ ಒತ್ತಿದರೆ ಆಗುವುದು, ಪೂರ್ತಿ ಲಾಕ್ ಆಗದೆ ಅರ್ಧ ಕೆಲಸ ಮಾಡುವುದು. ಎಲ್ಲದರ ಜಾಹೀರಾತೂ ಹೇಳುವುದು ಒಂದೇ ಮಾತು: ನಮ್ಮದು ಎಷ್ಟು ಗಟ್ಟಿಯಾಗಿ ಲಾಕ್ ಆಗುತ್ತದೆ ನೋಡಿ ಅಂತ. ಸರಿಯಾಗಿ ಕೂರಿಸಿದ ಯಾವ ಲಾಕರ್ ಆದರೂ ಲಾಕ್ ಆಗುತ್ತದೆ. ಅದು ಬಿಡುವುದು ಹೇಗೆ? ಬಿಡುವ ತೀರ್ಮಾನ ಯಾರ ಕೈಯಲ್ಲಿದೆ? ಮೊದಲು ಕೇಳಬೇಕಾದದ್ದು ಇದನ್ನು. ಪಿಕಪ್ ತನ್ನ ಆಯಸ್ಸಿನ ಬಹುಪಾಲು ಓಡುವುದು ಲಾಕರ್ ಬೇಡದ ರಸ್ತೆಯಲ್ಲೇ, ಅಲ್ವಾ?

ಡಿಫರೆನ್ಶಿಯಲ್ (ಡಿಫ್) ಯಾಕೆ ಹೀಗೆ ಮಾಡುತ್ತದೆ

ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವುದೇ ಡಿಫರೆನ್ಶಿಯಲ್ ಕೆಲಸ. ವ್ಯತ್ಯಾಸ ಎಷ್ಟಿರುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಹಿಂದಿನ ಎರಡು ಚಕ್ರಗಳ ನಡುವೆ 1.5 ಮೀಟರ್ ಅಗಲ ಇದೆ ಅಂದುಕೊಳ್ಳೋಣ. 90 ಡಿಗ್ರಿ ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 2.36 ಮೀಟರ್ ಹೆಚ್ಚು ಉರುಳಿರುತ್ತದೆ. ತಿರುವು ಚಿಕ್ಕದಿರಲಿ, ದೊಡ್ಡದಿರಲಿ, ಈ ಅಂಕಿ ಬದಲಾಗುವುದಿಲ್ಲ. 75 ಸೆಂ.ಮೀ. ವ್ಯಾಸದ ಟೈರ್‌ಗೆ ಅದು ಹೆಚ್ಚು ಕಡಿಮೆ ಒಂದು ಪೂರ್ತಿ ಸುತ್ತು. ಅಂದರೆ ಹಿಂದಿನ ಆಕ್ಸಲ್ ಲಾಕ್ ಆಗಿದ್ದರೆ, ಪ್ರತಿ ತಿರುವಿನಲ್ಲೂ ಒಂದು ಸುತ್ತಿನಷ್ಟು ಜಗ್ಗಾಟವನ್ನು ಟೈರ್‌ಗಳು ರಸ್ತೆಗೆ ಉಜ್ಜಿಯೇ ತೀರಿಸಬೇಕು. ಕೆಸರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ನೆಲವೇ ಜಾರಿಕೊಂಡು ಜಾಗ ಕೊಡುತ್ತದೆ. ಒಣ ಡಾಂಬರಿನ ಮೇಲೆ ಅದರ ಪೆಟ್ಟು ಟೈರ್‌ಗೆ, ಆಕ್ಸಲ್ ಶಾಫ್ಟ್‌ಗೆ, ಸ್ಟೀರಿಂಗ್‌ಗೆ.

ಇನ್ನು ಹಿಡಿತದ ಲೆಕ್ಕ. ಸಾಮಾನ್ಯ ಓಪನ್ ಡಿಫ್, ಅಂದರೆ ಲಾಕರ್ ಇಲ್ಲದ್ದು, ಎರಡೂ ಚಕ್ರಕ್ಕೆ ಸಮ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ತೊಂದರೆ ಇರುವುದು ಈ ಸಮಪಾಲಿನಲ್ಲೇ. ಜಾರುವ ಕಡೆಯ ಚಕ್ರ 200 ನ್ಯೂಟನ್ ಮೀಟರ್‌ಗೆ ಜಾರಿಬಿಡುತ್ತದೆ ಅಂದರೆ ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು ಅಷ್ಟೇ 200. ಎರಡೂ ಸೇರಿ 400. ಆ ಗಟ್ಟಿ ನೆಲ 1,500ರವರೆಗೆ ತಡೆದುಕೊಳ್ಳುವಂತಿದ್ದರೂ ಪ್ರಯೋಜನ ಇಲ್ಲ. ಪೂರ್ತಿ ಲಾಕ್ ಆಗದೆ ಅರ್ಧ ಕೆಲಸ ಮಾಡುವ ಲಿಮಿಟೆಡ್ ಸ್ಲಿಪ್ ಡಿಫ್ ಜಾರುವ ಚಕ್ರಕ್ಕಿಂತ ಮೂರು ಪಟ್ಟು ಟಾರ್ಕನ್ನು ಇನ್ನೊಂದಕ್ಕೆ ಕೊಡುವಂಥದ್ದಾದರೆ 200ಕ್ಕೆ 600 ಸೇರಿ 800 ಆಗುತ್ತದೆ. ಪೂರ್ತಿ ಲಾಕ್ ಆದರೆ 200ಕ್ಕೆ 1,500 ಸೇರುತ್ತದೆ. ಈಗ ಜಾರುವ ಚಕ್ರ ನೆಲವನ್ನೇ ಬಿಟ್ಟಿದೆ ಅನ್ನಿ. ಓಪನ್ ಡಿಫ್‌ಗೆ ಸೊನ್ನೆ. ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಲಾಕರ್‌ಗೆ ಮಾತ್ರ 1,500 ಹಾಗೇ ಉಳಿಯುತ್ತದೆ. ನಿಮ್ಮ ಗಾಡಿಯ ಹಿಂದಿನ ಚಕ್ರ ಜಾರುತ್ತದೋ, ಗಾಳಿಯಲ್ಲಿ ತೂಗುತ್ತದೋ ಅನ್ನುವುದನ್ನು ಗಮನಿಸಿ ಇಟ್ಟುಕೊಳ್ಳಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಏನೂ ಹಾಕಿಸದೆ ನಡೆಯುತ್ತದಾ?

ಎಷ್ಟೋ ಜನರಿಗೆ ನಡೆಯುತ್ತದೆ. ಸವೆದ ರೋಡ್ ಟೈರ್ ಇಟ್ಟುಕೊಂಡು ಲಾಕರ್ ಹುಡುಕುವುದು ತಪ್ಪು ದಾರಿ. ಮೊದಲು ಒಳ್ಳೆಯ ಟೈರ್ ಹಾಕಿಸಿ, ಮೆತ್ತನೆ ನೆಲಕ್ಕೆ ಇಳಿಯುವ ಮುಂಚೆ ಗಾಳಿ ಕಡಿಮೆ ಮಾಡಿ ನೋಡಿ. ಮರಳಿನಲ್ಲಂತೂ ಗಾಳಿ ಇಳಿಸುವುದು ಮಾಡುವ ಕೆಲಸವನ್ನು ಯಾವ ಲಾಕರ್ ಕೂಡ ಮಾಡುವುದಿಲ್ಲ, ಯಾಕೆಂದರೆ ಅಲ್ಲಿ ಎಲ್ಲ ಚಕ್ರಗಳೂ ಒಟ್ಟಿಗೇ ಹೂತುಕೊಳ್ಳುತ್ತವೆ.

ಹೊಸ ಪಿಕಪ್‌ಗಳಲ್ಲಿ ಬ್ರೇಕ್ ಮೂಲಕ ಕೆಲಸ ಮಾಡುವ ಟ್ರಾಕ್ಷನ್ ಕಂಟ್ರೋಲ್ ಇರುತ್ತದೆ. ಸುತ್ತುವ ಚಕ್ರಕ್ಕೆ ಅದು ಬ್ರೇಕ್ ಹಾಕುತ್ತದೆ, ಆ ತಡೆಯ ಎದುರು ಇನ್ನೊಂದು ಚಕ್ರಕ್ಕೆ ಟಾರ್ಕ್ ಸಿಗುತ್ತದೆ. ಚೆನ್ನಾಗಿ ಹೊಂದಿಸಿದ ಸಿಸ್ಟಮ್ ಇದ್ದರೆ ಸಾಧಾರಣ ಕಚ್ಚಾ ರಸ್ತೆಗೆ ಇದೇ ಸಾಕು. ಆದರೆ ಅದು ಕೆಲಸ ಶುರು ಮಾಡಬೇಕಾದರೆ ಚಕ್ರ ಮೊದಲು ಸುತ್ತಬೇಕು. ನಿಧಾನವಾಗಿ ಕಲ್ಲು ಹತ್ತುವಾಗ, ಕಡಿದಾದ ಕೆಸರಿನ ಏರಿನಲ್ಲಿ ಆ ಅರೆಕ್ಷಣದ ಸುತ್ತಾಟದಲ್ಲೇ ಗಾಡಿ ಹಿಂದಕ್ಕೆ ಜಾರಿರುತ್ತದೆ. ಭಾರ ತುಂಬಿಕೊಂಡು ತುಂಬಾ ಹೊತ್ತು ಅದನ್ನೇ ನಂಬಿದರೆ ಬ್ರೇಕ್ ಬಿಸಿಯಾಗುತ್ತದೆ.

ನಿಮ್ಮ ಗಾಡಿಯಲ್ಲಿ ಈಗಾಗಲೇ ಏನಿದೆ ಅಂತ ನೋಡಿಕೊಳ್ಳುವುದೂ ಮುಖ್ಯ. ಟೊಯೋಟಾ ಹೈಲಕ್ಸ್‌ನಂಥ ಗಾಡಿಗಳ ಎಷ್ಟೋ ಮಾದರಿಗಳಲ್ಲಿ ಹಿಂದಿನ ಡಿಫ್ ಲಾಕ್ ಕಂಪನಿಯಿಂದಲೇ ಬರುತ್ತದೆ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಜಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಬಿಟ್ಟು, ಗೇರ್‌ಬಾಕ್ಸ್ ನ್ಯೂಟ್ರಲ್‌ನಲ್ಲಿಟ್ಟು ಒಂದು ಚಕ್ರ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಕ್ಲಚ್ ಬಗೆಯ ಲಿಮಿಟೆಡ್ ಸ್ಲಿಪ್ ಅಥವಾ ಲಾಕ್ ಆದ ಡಿಫ್ ಇದೆ. ಎದುರು ದಿಕ್ಕಿಗೆ ತಿರುಗಿದರೆ ಓಪನ್ ಡಿಫ್ ಇರಬಹುದು, ಆದರೆ ಪ್ಲೇಟ್ ಸವೆದ ಲಿಮಿಟೆಡ್ ಸ್ಲಿಪ್, ಗೇರ್ ಬಗೆಯ ಲಿಮಿಟೆಡ್ ಸ್ಲಿಪ್, ಆಫ್ ಇರುವ ಸ್ವಿಚ್ ಲಾಕರ್ ಕೂಡ ಹಾಗೇ ತೋರಿಸುತ್ತವೆ. ಅನುಮಾನ ಇದ್ದರೆ ಆಕ್ಸಲ್ ಮೇಲಿನ ಟ್ಯಾಗ್ ಅಥವಾ ಗಾಡಿಯ ಆಕ್ಸಲ್ ಕೋಡ್ ನೋಡಿ.

ಲಿಮಿಟೆಡ್ ಸ್ಲಿಪ್: ಪೂರ್ತಿ ಲಾಕ್ ಅಲ್ಲ, ಆದರೂ ಬಹಳ ಜನರಿಗೆ ಇದೇ ಸರಿ

ಇದರಲ್ಲಿ ಎರಡು ಬಗೆ ಮುಖ್ಯ. ಕ್ಲಚ್ ಪ್ಲೇಟ್ ಬಗೆಯದು ಹಳೆಯದು, ಅನೇಕ ಪಿಕಪ್‌ಗಳಿಗೆ ಕಂಪನಿಯಿಂದಲೇ ಬರುತ್ತದೆ. ಪ್ಲೇಟ್‌ಗಳ ಉಜ್ಜಾಟದ ಮೇಲೆ ಕೆಲಸ ಮಾಡುವುದರಿಂದ ಪ್ಲೇಟ್ ಸವೆಯುತ್ತದೆ. ಸವೆದ ಮೇಲೆ ಅದು ಓಪನ್ ಡಿಫ್‌ನಂತೆಯೇ ಆಗಿಬಿಡುತ್ತದೆ, ಮಾಲೀಕರಿಗೆ ಗೊತ್ತೂ ಆಗುವುದಿಲ್ಲ. ಗೇರ್ ಆಯಿಲ್ ಜೊತೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್‌ಗಳು ನಯವಾಗಿ ಜಾರಲು ಬೆರೆಸುವ ದ್ರವ) ಹಾಕದಿದ್ದರೆ ತಿರುವಿನಲ್ಲಿ ಗರಗರ ಅನ್ನುತ್ತದೆ. ನಿಮ್ಮ ಗಾಡಿಯಲ್ಲಿ ಇದು ಇದ್ದು ಸವೆದಿದ್ದರೆ, ಹೊಸ ಲಾಕರ್‌ಗೆ ಮುಂಚೆ ಪ್ಲೇಟ್ ಬದಲಿಸಿ ನೋಡುವುದು ಕಡಿಮೆ ಖರ್ಚಿನ ದಾರಿ.

ಗೇರ್ ಬಗೆಯದು ನನಗೆ ಹೆಚ್ಚು ಇಷ್ಟ. ಟಾರ್ಸೆನ್ ಹೆಸರಿನ ಡಿಫ್‌ಗೆ ವರ್ನನ್ ಗ್ಲೀಸ್‌ಮನ್ ಪೇಟೆಂಟ್ ಪಡೆದದ್ದು 1958ರಲ್ಲಿ. ಪಿಕಪ್‌ಗಳಲ್ಲಿ ಹೆಚ್ಚು ಕಾಣುವುದು ಈಟನ್ ಕಂಪನಿಯ ಡೆಟ್ರಾಯ್ಟ್ ಟ್ರೂಟ್ರಾಕ್. ಇದರೊಳಗೆ ಕ್ಲಚ್ ಪ್ಲೇಟ್ ಇಲ್ಲ, ಓರೆ ಹಲ್ಲಿನ ಹೆಲಿಕಲ್ ಗೇರ್‌ಗಳು ಮಾತ್ರ. ಟಾರ್ಕ್ ಹೆಚ್ಚಿದಂತೆ ಗೇರ್‌ಗಳು ತಮ್ಮನ್ನು ಹಿಡಿದಿಡುವ ಕವಚವಾದ ಕೇಜ್‌ನ ಗೋಡೆಗೆ ಒತ್ತಿಕೊಂಡು ಜಾರುವ ಚಕ್ರವನ್ನು ತಡೆಯುತ್ತವೆ. ಫ್ರಿಕ್ಷನ್ ಮಾಡಿಫೈಯರ್ ಬೇಡ. ಟ್ರೂಟ್ರಾಕ್‌ಗೆ ಸಿಂಥೆಟಿಕ್ ಬದಲು ಪೆಟ್ರೋಲಿಯಂ ಮೂಲದ ಮಾಮೂಲಿ ಗೇರ್ ಆಯಿಲನ್ನೇ ಹಾಕಿ ಅಂತ ಈಟನ್ ಹೇಳುತ್ತದೆ. ಇದು ಹಿಡಿಯುವುದೂ ಬಿಡುವುದೂ ಎಷ್ಟು ಮೆಲ್ಲಗೆ ಅಂದರೆ, ಹಾಕಿಸಿದ್ದು ಓಡಿಸುವವರಿಗೆ ಗೊತ್ತಾಗುವುದೇ ಇಲ್ಲ. ಮಳೆಯಲ್ಲಿ ಭಾರ ಹೊತ್ತು, ಟ್ರೈಲರ್ ಎಳೆದು, ದಿನದ ಕೊನೆಗೆ ಒಂದು ಕೆಸರಿನ ಅಂಗಳ ದಾಟಬೇಕಾದ ಗಾಡಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಇದರ ಮಿತಿ ಮೇಲೆ ಹೇಳಿದ ಸೊನ್ನೆಯ ಲೆಕ್ಕವೇ. ಚಕ್ರ ಗಾಳಿಯಲ್ಲಿದ್ದರೆ ಕೈಕೊಡುತ್ತದೆ. ಆಗ ಆಕ್ಸಿಲರೇಟರ್ ಜೊತೆಗೆ ಬ್ರೇಕನ್ನೂ ಲಘುವಾಗಿ ಒತ್ತಿದರೆ ತೂಗುವ ಚಕ್ರಕ್ಕೆ ಸ್ವಲ್ಪ ತಡೆ ಸಿಕ್ಕಿ, ಆ ತಡೆಯ ಕೆಲವು ಪಟ್ಟು ಟಾರ್ಕ್ ನೆಲದ ಚಕ್ರಕ್ಕೆ ಹೋಗುತ್ತದೆ. ಬ್ರೇಕ್ ಟ್ರಾಕ್ಷನ್ ಕಂಟ್ರೋಲ್ ಇರುವ ಗಾಡಿಯಲ್ಲಿ ಇದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಹಾಗಾಗಿ ಈ ಎರಡರ ಜೋಡಿ ಚೆನ್ನಾಗಿ ಹೊಂದುತ್ತದೆ.

ಆಟೋಮ್ಯಾಟಿಕ್ ಲಾಕರ್: ಬಲವೂ ಹೌದು, ಹಠವೂ ಹೌದು

ಇವುಗಳಲ್ಲಿ ಡಿಫ್‌ನ ಒಳಗಿನ ಸ್ಪೈಡರ್ ಗೇರ್ (ಎರಡು ಚಕ್ರ ಬೇರೆ ವೇಗದಲ್ಲಿ ಸುತ್ತಲು ಬಿಡುವ ಸಣ್ಣ ಗೇರ್‌ಗಳು) ಇರುವುದಿಲ್ಲ. ಅದರ ಜಾಗದಲ್ಲಿ ಹಲ್ಲು ಹಲ್ಲಿಗೆ ಕೂರುವ ಡಾಗ್ ಕ್ಲಚ್‌ಗಳು. ನೇರ ಹೋಗುವಾಗ ಎರಡೂ ಚಕ್ರ ಲಾಕ್ ಆಗಿಯೇ ಇರುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡತೊಡಗಿದಾಗ ಆ ಕಡೆಯ ಹಲ್ಲು ಬಿಟ್ಟುಕೊಂಡು ಟಕಟಕ ಅನ್ನುತ್ತಾ ಸುತ್ತುತ್ತದೆ. ಅಂದರೆ ಇದರ ಸಹಜ ಸ್ಥಿತಿಯೇ ಲಾಕ್. ಬಿಡುವುದು ಅನಿವಾರ್ಯವಾದಾಗ ಮಾತ್ರ.

ಇದರಿಂದ ಏನಾಗುತ್ತದೆ ಅಂತ ಸ್ವಲ್ಪ ನಿಂತು ನೋಡೋಣ, ಯಾಕೆಂದರೆ ಕೊಂಡವರು ಆಮೇಲೆ ಬೇಸರಪಡುವುದು ಇಲ್ಲೇ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಳೆಯುವುದು ಒಳಗಿನ ಚಕ್ರ ಒಂದೇ. ಖಾಲಿ ಪಿಕಪ್‌ನಲ್ಲಿ ಆ ಚಕ್ರ ಹಗುರ, ರಸ್ತೆ ಒದ್ದೆ ಇದ್ದರೆ ಬೇಗ ಜಾರುತ್ತದೆ. ಜಾರಿ ಹೊರಗಿನ ಚಕ್ರದ ವೇಗಕ್ಕೆ ಬಂದ ಕೂಡಲೇ ಎರಡೂ ಲಾಕ್ ಆಗುತ್ತವೆ. ಆಗ ಎರಡೂ ಒಟ್ಟಿಗೆ ಜಾರಿ ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಲ್ಲುಗಳ ಹಿಡಿತ ಆ ಕಡೆಯಿಂದ ಈ ಕಡೆಗೆ ಬದಲಾಗುತ್ತದೆ, ಗಾಡಿ ಒಮ್ಮೆ ಜಗ್ಗಿದಂತಾಗುತ್ತದೆ. ಮ್ಯಾನ್ಯುಯಲ್ ಗೇರ್ ಗಾಡಿಯಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ. ಪಾರ್ಕಿಂಗ್‌ನಲ್ಲಿ ನಿಧಾನಕ್ಕೆ ತಿರುಗಿಸುವಾಗ ಒಮ್ಮೊಮ್ಮೆ ಧಡ್ ಅಂತ ಸದ್ದು ಬರುತ್ತದೆ. ಏನೋ ಮುರಿಯಿತು ಅನ್ನಿಸುವಷ್ಟು ದೊಡ್ಡ ಸದ್ದು. ಅದು ಮುರಿತ ಅಲ್ಲ, ಅದರ ಸ್ವಭಾವವೇ ಹಾಗೆ. ಉದ್ದ ವೀಲ್‌ಬೇಸ್ ಇರುವ ಪಿಕಪ್‌ಗೆ ಈ ಕಾಟ ಚಿಕ್ಕ ಜೀಪಿಗಿಂತ ಕಡಿಮೆ. ಆದರೂ ಮನೆಯವರೆಲ್ಲ ಸರದಿಯಲ್ಲಿ ಓಡಿಸುವ ಗಾಡಿಗೆ ನಾನು ಇದನ್ನು ಹೇಳುವುದಿಲ್ಲ. ಹಿಮ ಬೀಳುವ ಕಡೆಗಂತೂ ಬೇಡವೇ ಬೇಡ.

ಇಷ್ಟು ಹೇಳಿದ ಮೇಲೆ ಇದರ ಗುಣವನ್ನೂ ಹೇಳಬೇಕು. ವೈರ್ ಇಲ್ಲ, ಗಾಳಿಯ ಪೈಪ್ ಇಲ್ಲ, ಸ್ವಿಚ್ ಇಲ್ಲ. ಸಿಕ್ಕಿಹಾಕಿಕೊಂಡ ಮೇಲೆ ನೆನಪಿಸಿಕೊಂಡು ಒತ್ತಬೇಕಾದದ್ದೂ ಇಲ್ಲ. ಇಡೀ ಕೇಜ್ ಬದಲಿಸುವ ಡೆಟ್ರಾಯ್ಟ್ ಲಾಕರ್‌ನಂಥವು ಬಹಳ ಗಟ್ಟಿ, ಭಾರಿ ಟ್ರಕ್‌ಗಳಲ್ಲೂ ಕೆಲಸ ಮಾಡುತ್ತವೆ. ಇನ್ನೊಂದು ಬಗೆ ಲಂಚ್‌ಬಾಕ್ಸ್ ಲಾಕರ್. ಲಾಕ್‌ರೈಟ್, ಆಸಿ ಲಾಕರ್ ಅಂತ ಸಿಗುತ್ತವೆ. ಇವು ಹಳೆಯ ಕೇಜ್‌ನ ಒಳಗೇ ಸ್ಪೈಡರ್ ಗೇರ್‌ಗಳ ಜಾಗದಲ್ಲಿ ಕೂರುತ್ತವೆ. ಕೇಜ್‌ಗೆ ಬಿಗಿದಿರುವ ದೊಡ್ಡ ಗೇರ್ ಆದ ಕ್ರೌನ್ ವೀಲ್‌ನ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ. ಸ್ಪಾನರ್ ಹಿಡಿದು ಅಭ್ಯಾಸ ಇರುವವರು ತಾವೇ ಹಾಕಿಕೊಳ್ಳಬಹುದು, ಖರ್ಚೂ ಎಲ್ಲಕ್ಕಿಂತ ಕಡಿಮೆ. ಆದರೆ ಹಳೆಯ ಕೇಜ್ ಎಷ್ಟು ಗಟ್ಟಿಯೋ ಲಾಕರ್ ಅಷ್ಟೇ ಗಟ್ಟಿ. ಒಳಗಿನ ಅಂತರ ತಯಾರಕರು ಹೇಳಿದ ಅಳತೆಗೆ ಬರದಿದ್ದರೆ ಹಲ್ಲು ಪೂರ್ತಿ ಬಿಡುವುದಿಲ್ಲ, ಇಲ್ಲವೇ ಪೂರ್ತಿ ಹಿಡಿಯುವುದಿಲ್ಲ. ಸಣ್ಣ ಸಂದು ಅಳೆಯುವ ಫೀಲರ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಯಾವ ಆಟೋಮ್ಯಾಟಿಕ್ ಲಾಕರ್ ಆದರೂ ಹಿಂದಿನ ಎರಡೂ ಟೈರ್ ಒಂದೇ ಅಳತೆ, ಒಂದೇ ಸವೆತ, ಒಂದೇ ಗಾಳಿ ಇರಬೇಕು. ಒಂದು ಕಡೆ ಸವೆದ ಸ್ಟೆಪ್ನಿ ಹಾಕಿ ದೂರ ಓಡಿಸಿದರೆ ಲಾಕರ್ ನೇರ ರಸ್ತೆಯನ್ನೂ ತಿರುವು ಅಂದುಕೊಳ್ಳುತ್ತದೆ.

ಅಮೆರಿಕದ ಜನರಲ್ ಮೋಟಾರ್ಸ್ ಪಿಕಪ್‌ಗಳಲ್ಲಿ 1973ರಿಂದ ಬರುತ್ತಿರುವ ಈಟನ್‌ನ ಜಿ80 ಇದಕ್ಕಿಂತ ಬೇರೆ. ಅದು ಸಾಮಾನ್ಯವಾಗಿ ಬಿಟ್ಟುಕೊಂಡೇ ಇರುತ್ತದೆ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಗವರ್ನರ್ (ವೇಗಕ್ಕೆ ತಕ್ಕಂತೆ ಕೆಲಸ ಮಾಡುವ ಭಾಗ) ಅದನ್ನು ಲಾಕ್ ಮಾಡುತ್ತದೆ. ಗಾಡಿ ಸುಮಾರು 32 ಕಿ.ಮೀ. ವೇಗ ದಾಟಿದರೆ ಲಾಕ್ ಆಗದಂತೆ ತಡೆಯೂ ಇದೆ. ರಸ್ತೆಯಲ್ಲಿ ಯಾವ ಕಿರಿಕಿರಿಯೂ ಇಲ್ಲ. ದೊಡ್ಡ ಟೈರ್ ಹಾಕಿ, ಆಕ್ಸಿಲರೇಟರ್ ಜೋರಾಗಿ ಒತ್ತಿ ಚಕ್ರ ಸುತ್ತಿಸುತ್ತಾ ಲಾಕ್ ಮಾಡಿಸುವವರ ಕೈಯಲ್ಲಿ ಮಾತ್ರ ಇದು ಒಡೆದುಹೋಗುತ್ತದೆ. ಕಂಪನಿಯ ಟೈರ್ ಇರುವ, ಕೆಲಸಕ್ಕೆ ಓಡುವ ಗಾಡಿಯಲ್ಲಿ ಇದು ಇದ್ದರೆ ಬದಲಿಸಲು ಅವಸರ ಬೇಡ.

ಸ್ವಿಚ್ ಲಾಕರ್: ಬಿಡುವ ತೀರ್ಮಾನ ನಿಮ್ಮ ಕೈಯಲ್ಲಿ

ಆಫ್ ಇದ್ದಾಗ ಇದು ಮಾಮೂಲಿ ಓಪನ್ ಡಿಫ್. ಆನ್ ಮಾಡಿದರೆ ಪೂರ್ತಿ ಲಾಕ್. ನಡುವೆ ಏನೂ ಇಲ್ಲ. ಖರ್ಚು ಎಲ್ಲಕ್ಕಿಂತ ಜಾಸ್ತಿ, ಕೂರಿಸುವ ಕೆಲಸವೂ ಜಾಸ್ತಿ. ಆದರೂ ರಸ್ತೆಗೂ ಕಾಡಿಗೂ ಒಂದೇ ಪಿಕಪ್ ಇರುವವರಿಗೆ ನನ್ನ ಮೊದಲ ಆಯ್ಕೆ ಇದೇ.

ಒಂದು ಕಾರಣ ಅಡ್ಡ ಇಳಿಜಾರು. ಎಡಕ್ಕೋ ಬಲಕ್ಕೋ ವಾಲಿದ ಒದ್ದೆ ನೆಲದ ಮೇಲೆ ಹೋಗುತ್ತಿದ್ದೀರಿ ಅನ್ನಿ. ಓಪನ್ ಡಿಫ್ ಇದ್ದರೆ ಒಂದು ಚಕ್ರ ಸುತ್ತುತ್ತದೆ, ಇನ್ನೊಂದು ಸುತ್ತದೆ ನಿಂತು ಗಾಡಿಯನ್ನು ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಲಾಕ್ ಆಗಿದ್ದರೆ ಎರಡೂ ಒಟ್ಟಿಗೆ ಸುತ್ತುತ್ತವೆ. ಸುತ್ತುವ ಟೈರ್‌ಗೆ ಪಕ್ಕದ ಹಿಡಿತ ಇರುವುದಿಲ್ಲ, ಹಿಂಭಾಗ ಇಳಿಜಾರಿನ ಕಡೆಗೆ ಸರಿಯುತ್ತದೆ. ಪಕ್ಕದಲ್ಲಿ ಕಂದಕ ಇದ್ದರೆ ಇದು ಪ್ರಾಣದ ಪ್ರಶ್ನೆ. ಲಾಕರ್ ಆಫ್ ಮಾಡುವ ಅವಕಾಶ ಇದೆಯಲ್ಲ, ಅದಕ್ಕೆ ನಾನು ದೊಡ್ಡ ಬೆಲೆ ಕೊಡುತ್ತೇನೆ.

ಗಾಳಿಯಿಂದ ಕೆಲಸ ಮಾಡುವುದರಲ್ಲಿ ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಏರ್ ಲಾಕರ್ ಹೆಸರುವಾಸಿ. ಚಿಕ್ಕ ಕಂಪ್ರೆಸರ್, ಸೊಲೆನಾಯ್ಡ್ ವಾಲ್ವ್, ಅಲ್ಲಿಂದ ಡಿಫ್‌ವರೆಗೆ ಸಣ್ಣ ನೈಲಾನ್ ಪೈಪ್. ಗಾಳಿ ಒಳಗಿನ ಪಿಸ್ಟನ್ ತಳ್ಳಿ ಲಾಕ್ ಮಾಡುತ್ತದೆ, ಗಾಳಿ ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಹಿಡಿತ ಗಟ್ಟಿ, ಮುಂದೆ ಹಿಂದೆ ಎರಡು ದಿಕ್ಕಿಗೂ ಒಂದೇ. ಸರಿಯಾದ ಕಂಪ್ರೆಸರ್ ಆರಿಸಿದರೆ ಇಳಿಸಿದ ಟೈರ್‌ಗೆ ಗಾಳಿಯನ್ನೂ ಅದರಿಂದಲೇ ತುಂಬಬಹುದು. ಇದು ಸಣ್ಣ ಲಾಭ ಅಲ್ಲ. ಕೈಕೊಡುವ ಜಾಗ ಅಂದರೆ ಪೈಪ್ ಮತ್ತು ಸೀಲ್. ಪೈಪನ್ನು ಸೈಲೆನ್ಸರ್‌ಗೆ ತಾಗಿಸಿದರೆ ಕರಗುತ್ತದೆ, ಆಕ್ಸಲ್ ಪೂರ್ತಿ ಇಳಿದಾಗ ಬೇಕಾಗುವಷ್ಟು ಸಡಿಲು ಬಿಡದಿದ್ದರೆ ಕಿತ್ತುಬರುತ್ತದೆ. ಒಳಗಿನ ಓ-ರಿಂಗ್ ಸೋರಿದರೆ ಗಾಳಿ ಡಿಫ್ ಹೌಸಿಂಗ್ ಒಳಗೆ ಸೇರಿ ಬ್ರೀದರ್‌ನಿಂದ (ಹೌಸಿಂಗ್‌ನ ಗಾಳಿಕಿಂಡಿ) ಗೇರ್ ಆಯಿಲ್ ಹೊರಗೆ ಉಕ್ಕುತ್ತದೆ. ಲಾಕರ್ ಆನ್ ಇಟ್ಟು ಸುಮ್ಮನೆ ನಿಂತಾಗ ಕಂಪ್ರೆಸರ್ ಪದೇ ಪದೇ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಎಲೆಕ್ಟ್ರಿಕ್ ಲಾಕರ್‌ಗೆ ಪೈಪ್ ಗೋಳು ಇಲ್ಲ. ಒಂದು ವೈರ್, ಒಂದು ರಿಲೇ, ಒಂದು ಸ್ವಿಚ್. ಈಟನ್, ಹ್ಯಾರಪ್ ಕಂಪನಿಗಳ ಇ-ಲಾಕರ್‌ಗಳು ಈ ಬಗೆಯವು. ಕೊಳ್ಳುವ ಮುಂಚೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಒಳಗೆ ಬಾಲ್-ರಾಂಪ್ (ಗುಂಡುಗಳು ಇಳಿಜಾರಿನ ಮೇಲೆ ಹತ್ತಿ ಲಾಕ್ ಮಾಡುವ ಏರ್ಪಾಡು) ಇದೆಯೋ, ಬೇರೆ ವಿನ್ಯಾಸವೋ? ಬಾಲ್-ರಾಂಪ್ ಬಗೆಯವು ಮುಂದಿನಿಂದ ಹಿಂದಕ್ಕೆ ದಿಕ್ಕು ಬದಲಿಸಿದಾಗ ಒಮ್ಮೆ ಬಿಟ್ಟು, ಚಕ್ರ ಸ್ವಲ್ಪ ತಿರುಗಿದ ಮೇಲೆ ಮತ್ತೆ ಹಿಡಿಯುತ್ತವೆ. ಕೆಸರಿನಲ್ಲಿ ಗಾಡಿಯನ್ನು ಮುಂದೆ ಹಿಂದೆ ತೂಗಾಡಿಸಿ ಬಿಡಿಸಿಕೊಳ್ಳುವವರಿಗೆ ಇದು ಅಡ್ಡಿ. ಮತ್ತೆ ಹಿಡಿಯುವ ಆ ಕ್ಷಣ ಶಾಫ್ಟ್‌ಗೆ ಪೆಟ್ಟೂ ಬೀಳುತ್ತದೆ. ನಿಧಾನವಾಗಿ ಮುಂದೆ ಮಾತ್ರ ಹತ್ತುವವರಿಗೆ ವ್ಯತ್ಯಾಸವೇ ಗೊತ್ತಾಗದು.

ಕೇಬಲ್‌ನಿಂದ ಎಳೆಯುವ ಓಎಕ್ಸ್ ಲಾಕರ್ ಇದೆ, ನಿಸಾನ್ ಪ್ಯಾಟ್ರೋಲ್ ಗಾಡಿಯ ಹಳೆಯ ಮಾದರಿಗಳಲ್ಲಿ ವ್ಯಾಕ್ಯೂಮ್‌ನಿಂದ ನಡೆಯುವುದೂ ಬಂದಿತ್ತು. ನಿಮ್ಮ ಆಕ್ಸಲ್‌ಗೆ ಸುಲಭವಾಗಿ ಸಿಕ್ಕರೆ ಮಾತ್ರ ಇವುಗಳ ಕಡೆ ನೋಡಿ.

ಸ್ವಿಚ್ ಲಾಕರ್ ಕೆಡುವುದು ಬಹುಪಾಲು ಬಳಕೆಯ ತಪ್ಪಿನಿಂದ. ಚಕ್ರ ಜೋರಾಗಿ ಸುತ್ತುತ್ತಿರುವಾಗ ಸ್ವಿಚ್ ಒತ್ತಬಾರದು, ಹಲ್ಲು ಹಾರಿಹೋಗುತ್ತದೆ. ಕೆಟ್ಟ ಜಾಗಕ್ಕೆ ಇಳಿಯುವ ಮುಂಚೆಯೇ, ಗಾಡಿ ನಿಂತಿರುವಾಗ ಅಥವಾ ತೆವಳುತ್ತಿರುವಾಗ ಒತ್ತಬೇಕು. ದಾಟಿದ ಕೂಡಲೇ ಬಿಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಕಣ್ಣಿಗೆ ರಾಚುವ ದೀಪ ಹಾಕಿಸಿ. ಲಾಕರ್ ಆನ್ ಇರುವುದನ್ನು ಮರೆತು ಡಾಂಬರು ರಸ್ತೆಯಲ್ಲಿ ತಿರುಗಿಸಿದರೆ ಗಾಡಿ ನೇರ ಹೋಗಲು ಎಳೆಯುತ್ತದೆ.

ಸ್ಪೂಲ್, ವೆಲ್ಡಿಂಗ್

ಎರಡೂ ಶಾಫ್ಟ್‌ಗಳನ್ನು ನೇರವಾಗಿ ಜೋಡಿಸುವ ಸ್ಪೂಲ್ ಹಾಕಿದರೂ, ಸ್ಪೈಡರ್ ಗೇರ್‌ಗಳನ್ನು ವೆಲ್ಡ್ ಮಾಡಿಸಿದರೂ ಆಕ್ಸಲ್ ಯಾವತ್ತಿಗೂ ಲಾಕ್. ರಸ್ತೆ ಗಾಡಿಗೆ ಬೇಡ. ಪ್ರತಿ ತಿರುವಿಗೂ ಒಂದು ಸುತ್ತಿನ ಉಜ್ಜಾಟ ಅಂತ ಮೊದಲೇ ಲೆಕ್ಕ ಹಾಕಿದೆವಲ್ಲ. ವೆಲ್ಡ್ ಬಿಟ್ಟುಹೋದರೆ ತುಂಡುಗಳು ಕ್ರೌನ್ ಪಿನಿಯನ್ ನಡುವೆ ಸಿಕ್ಕಿ ಇಡೀ ಆಕ್ಸಲ್ ಹಾಳಾಗುತ್ತದೆ.

ಆರ್ಡರ್ ಮಾಡುವ ಮುಂಚೆ ಆಕ್ಸಲ್ ತೆರೆದು ನೋಡಿ

ಗಾಡಿಯ ಹೆಸರು, ವರ್ಷ ಹೇಳಿ ಲಾಕರ್ ತರಿಸಬೇಡಿ. ಒಂದೇ ಮಾದರಿಯಲ್ಲಿ ಬೇರೆ ಬೇರೆ ಆಕ್ಸಲ್ ಬಂದಿರುತ್ತದೆ. ಬೇಕಾದದ್ದು ಆಕ್ಸಲ್ ಯಾವುದು, ಆಕ್ಸಲ್ ಶಾಫ್ಟ್‌ನ ತುದಿಯ ಸ್ಪ್ಲೈನ್ (ಉದ್ದ ಹಲ್ಲುಗಳು) ಎಷ್ಟು, ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್ ನಡುವಿನ ಹಲ್ಲಿನ ರೇಶಿಯೋ ಎಷ್ಟು ಅನ್ನುವುದು. ಫೋರ್ಡ್ 8.8 ಇಂಚಿನ ಆಕ್ಸಲ್ 28 ಸ್ಪ್ಲೈನ್‌ನಲ್ಲೂ ಇದೆ, 31ರಲ್ಲೂ ಇದೆ. ಒಂದರ ಲಾಕರ್ ಇನ್ನೊಂದಕ್ಕೆ ಕೂರುವುದಿಲ್ಲ. ಡಾನಾ 44ರಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆ ರೇಶಿಯೋಗೆ ಒಂದು ಕೇಜ್, 3.92 ಮತ್ತು ಅದಕ್ಕಿಂತ ಮೇಲಕ್ಕೆ ಇನ್ನೊಂದು. ಮುಂದೆ ರೇಶಿಯೋ ಬದಲಿಸುವ ಯೋಚನೆ ಇದ್ದರೆ ಈಗಲೇ ಅದನ್ನು ತೀರ್ಮಾನಿಸಿ. ಎರಡೂ ಕೆಲಸ ಒಟ್ಟಿಗೆ ಮಾಡಿಸಿದರೆ ಒಂದು ಸಲದ ಕೂಲಿ ಉಳಿಯುತ್ತದೆ.

ಎಬಿಎಸ್ ಸೆನ್ಸರ್‌ನ ಹಲ್ಲಿನ ರಿಂಗ್ ಕೆಲವು ಆಕ್ಸಲ್‌ಗಳಲ್ಲಿ ಡಿಫ್ ಕೇಜ್ ಮೇಲೇ ಇರುತ್ತದೆ. ಹೊಸ ಕೇಜ್‌ಗೆ ಅದು ಕೂರುತ್ತದಾ ಅಂತ ನೋಡಿ. ಕಂಪನಿಯ ಲಾಕ್ ಇರುವ ಗಾಡಿಗಳು ಲಾಕ್ ಆನ್ ಆದಾಗ ಸ್ಟೆಬಿಲಿಟಿ ಕಂಟ್ರೋಲನ್ನು ತಾವೇ ಹಿಂದೆ ಸರಿಸುತ್ತವೆ. ಹೊರಗಿನಿಂದ ಹಾಕಿಸಿದ ಲಾಕರ್ ವಿಷಯ ಕಂಪ್ಯೂಟರ್‌ಗೆ ಗೊತ್ತಿರುವುದಿಲ್ಲ, ಹಾಗಾಗಿ ಲಾಕ್ ಇದ್ದಾಗ ಅದು ಸುಮ್ಸುಮ್ನೆ ಬ್ರೇಕ್ ಹಾಕಬಹುದು. ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡುವ ಬಟನ್ ನಿಮ್ಮ ಗಾಡಿಯಲ್ಲಿ ಇದೆಯಾ ಅಂತ ತಿಳಿದುಕೊಳ್ಳಿ. ವಾರಂಟಿ, ವಿಮೆ, ನಿಮ್ಮ ಕಡೆಯ ವಾಹನ ನಿಯಮ ಕೂಡ ಮೊದಲೇ ವಿಚಾರಿಸಬೇಕಾದವು.

ಆಕ್ಸಲ್ ಶಾಫ್ಟ್ ಬಗ್ಗೆ ಒಂದು ಮಾತು. ಓಪನ್ ಡಿಫ್‌ನಲ್ಲಿ ಎರಡೂ ಶಾಫ್ಟ್‌ಗೆ ಯಾವಾಗಲೂ ಸಮಪಾಲು. ಲಾಕ್ ಆದಾಗ ಆಕ್ಸಲ್‌ಗೆ ಬಂದ ಪೂರ್ತಿ ಟಾರ್ಕನ್ನು ಒಂದೇ ಶಾಫ್ಟ್ ಹೊರಬೇಕಾಗಬಹುದು. ಕಂಪನಿಯ ಅಳತೆಯ ಟೈರ್‌ಗೆ ಒಳ್ಳೆಯ ಸ್ಥಿತಿಯ ಶಾಫ್ಟ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ತುಂಬಾ ದೊಡ್ಡ ಟೈರ್ ಹಾಕಿದ್ದರೆ, ಭಾರ ತುಂಬಿ ಕಲ್ಲಿಗೆ ಹತ್ತಿಸುವವರಾಗಿದ್ದರೆ ಶಾಫ್ಟ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಕೂರಿಸುವವರನ್ನು ಆರಿಸುವುದು ಲಾಕರ್ ಆರಿಸುವಷ್ಟೇ ಮುಖ್ಯ. ಇಡೀ ಕೇಜ್ ಬದಲಾಗುವ ಯಾವ ಲಾಕರ್‌ಗಾದರೂ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲು, ಅಂದರೆ ಬ್ಯಾಕ್‌ಲ್ಯಾಶ್, ಮತ್ತೆ ಹೊಂದಿಸಬೇಕು. ಬಹಳಷ್ಟು ಪಿಕಪ್ ಆಕ್ಸಲ್‌ಗಳಲ್ಲಿ ಅದು 0.15ರಿಂದ 0.25 ಮಿ.ಮೀ. ಆಸುಪಾಸು, ಸರಿಯಾದ ಅಳತೆ ನಿಮ್ಮ ಆಕ್ಸಲ್‌ನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಡಯಲ್ ಗೇಜ್ ಇಲ್ಲದೆ, ಹಲ್ಲಿಗೆ ಬಣ್ಣ ಹಚ್ಚಿ ಗುರುತು ನೋಡದೆ, ಕೈಯಲ್ಲಿ ಅಲ್ಲಾಡಿಸಿ ಸರಿ ಇದೆ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚುವಾಗ ಎಡ ಬಲ, ಮೇಲೆ ಕೆಳಗೆ ಗುರುತು ಹಾಕಿಕೊಳ್ಳುತ್ತಾರಾ, ಹಳೆಯ ಶಿಮ್‌ಗಳನ್ನು (ಅಂತರ ಹೊಂದಿಸುವ ತೆಳು ಬಿಲ್ಲೆಗಳು) ಅಳೆದು ಬರೆದಿಟ್ಟುಕೊಳ್ಳುತ್ತಾರಾ ಅಂತ ನೋಡಿದರೆ ಅವರ ಕೈಗುಣ ತಿಳಿಯುತ್ತದೆ. ಹೇಗೂ ತೆರೆದಿದ್ದೇವೆ ಅಂತ ಬೇರಿಂಗ್, ಆಕ್ಸಲ್ ಸೀಲ್ ಹೊಸದು ಹಾಕಿಸಿ. ಬ್ರೀದರ್ ಕಟ್ಟಿದ್ದರೆ ಶುಚಿ ಮಾಡಿಸಿ.

ಯಾರಿಗೆ ಯಾವುದು

ಗಾಡಿ ಬಹುಪಾಲು ರಸ್ತೆಯಲ್ಲಿ, ಹೊರೆ ಹೊತ್ತು, ಆಗಾಗ ಕೆಸರು, ಒದ್ದೆ ಹುಲ್ಲು, ಜಾರುವ ದೋಣಿಕಟ್ಟೆ. ಚಕ್ರ ಗಾಳಿಗೆ ಏಳುವುದು ಅಪರೂಪ. ಇಂಥವರು ಗೇರ್ ಬಗೆಯ ಲಿಮಿಟೆಡ್ ಸ್ಲಿಪ್ ಹಾಕಿಸಿ ಮರೆತುಬಿಡಬಹುದು. ಟೂ-ವೀಲ್ ಡ್ರೈವ್ ಪಿಕಪ್‌ಗೂ ನಾನು ಹೇಳುವುದು ಇದನ್ನೇ.

ಕಡಿದಾದ ತೋಟ, ಕಲ್ಲು ದಾರಿ, ಕಾಲುವೆ ದಾಟುವುದು ವಾರ ವಾರದ ಕೆಲಸ, ಜೊತೆಗೆ ಹೆದ್ದಾರಿ ಪ್ರಯಾಣವೂ ಇದೆ ಅಂದರೆ ಸ್ವಿಚ್ ಲಾಕರ್. ದುಡ್ಡು ಸದ್ಯಕ್ಕೆ ಕಡಿಮೆ ಇದ್ದರೆ ಕಾದು ಹಾಕಿಸಿ. ಹಿಂದೆ ಮೊದಲು, ಮುಂದೆ ಆಮೇಲೆ. ಏರು ಹತ್ತುವಾಗ ಭಾರ ಹಿಂದಕ್ಕೆ ಬರುತ್ತದೆ, ಹಿಂದಿನ ಲಾಕ್ ಸ್ಟೀರಿಂಗನ್ನು ಮುಂದಿನ ಲಾಕ್‌ನಷ್ಟು ಕೆಡಿಸುವುದೂ ಇಲ್ಲ.

ಆಟೋಮ್ಯಾಟಿಕ್ ಲಾಕರ್ ಹೊಂದುವುದು ಒಬ್ಬರೇ ಓಡಿಸುವ, ರಸ್ತೆಗೆ ಕಡಿಮೆ ಬರುವ, ಹಳೆಯ ಸರಳ ಗಾಡಿಗೆ. ಎಬಿಎಸ್ ಇಲ್ಲ, ಕಂಪ್ಯೂಟರ್ ಇಲ್ಲ, ಓಡಿಸುವವರಿಗೆ ಅದರ ಸದ್ದು ಜಗ್ಗಾಟ ಎಲ್ಲ ಗೊತ್ತು. ಅಂಥ ಗಾಡಿಗೆ ಲಂಚ್‌ಬಾಕ್ಸ್ ಲಾಕರ್ ಕೊಡುವಷ್ಟು ಬಲವನ್ನು ಅಷ್ಟು ಖರ್ಚಿಗೆ ಬೇರೆ ಯಾವುದೂ ಕೊಡುವುದಿಲ್ಲ.

ಹಾಕಿಸಿದ ಮೇಲೆ ಹೊಸ ಕ್ರೌನ್ ಪಿನಿಯನ್ ಕೂಡ ಹಾಕಿದ್ದರೆ ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಎಳೆಯಬೇಡಿ. ಮೊದಲ ಓಟಗಳಲ್ಲಿ ಸ್ವಲ್ಪ ದೂರ ಹೋಗಿ ಡಿಫ್ ತಣ್ಣಗಾಗಲು ಬಿಡಿ. ಸುಮಾರು 800 ಕಿ.ಮೀ.ಗೆ ಗೇರ್ ಆಯಿಲ್ ಬದಲಿಸಿ, ಬಸಿದ ಎಣ್ಣೆಯಲ್ಲಿ ಏನಿದೆ ನೋಡಿ. ಮ್ಯಾಗ್ನೆಟ್‌ಗೆ ಅಂಟಿದ ನುಣ್ಣನೆಯ ಬೂದು ಪುಡಿ ಸಹಜ, ಚೂರುಗಳು ಸಿಕ್ಕರೆ ಕೂಡಲೇ ತೆರೆಸಿ. ಸ್ವಿಚ್ ಲಾಕರ್ ಇದ್ದರೆ ಕೆಲಸ ಇಲ್ಲದ ತಿಂಗಳಲ್ಲೂ ಒಮ್ಮೆ ಮಣ್ಣಿನ ನೆಲದ ಮೇಲೆ ಆನ್ ಮಾಡಿ, ಸ್ವಲ್ಪ ದೂರ ನೇರ ಓಡಿಸಿ, ಆಫ್ ಮಾಡಿ. ದೀಪ ಆರಿದ ಮೇಲೆ ಒಂದು ಚಿಕ್ಕ ತಿರುವು ತೆಗೆದುಕೊಂಡು ಎರಡು ಚಕ್ರವೂ ಬಿಡಿಬಿಡಿಯಾಗಿ ಸುತ್ತುತ್ತಿವೆಯಾ ಅಂತ ಖಾತ್ರಿ ಮಾಡಿಕೊಳ್ಳಿ.